ಚೆಟ್ಟಿನಾಡಿನ ಹಿರಿಮನೆಗಳಲ್ಲಿ ನೀರಿನ ಜಾಡು ಹಿಡಿದು

ತಿರುಚ್ಚಿಯಿಂದ ದಕ್ಷಿಣಕ್ಕೆ ಪುದುಕ್ಕೋಟ್ಟೈ ದಾಟಿ, ತಿರುಮಯಂ ಕೋಟೆಯನ್ನು ಬಳಸಿ ಮುಂದೆ ಹೋದರೆ ಚೆಟ್ಟಿನಾಡು. ಬೆಂಗಳೂರಿನಿಂದ ಸೇಲಂ, ನಾಮಕ್ಕಲ್ ಮಾರ್ಗವಾಗಿ ಅಲ್ಲಿನ ಮುಖ್ಯ ಪಟ್ಟಣ ಕಾರೈಕುಡಿಗೆ ಸುಮಾರು 430 ಕಿ.ಮೀ. ಪ್ರವಾಸಿಗರು ಡಿಸೆಂಬರ್ ಕಳೆದ ಮೇಲೆ ಬರುತ್ತಾರೆ. ಹಳೆಮನೆ ದುರಸ್ತಿಯ ಬಗ್ಗೆ ಆಸಕ್ತಿಯಿದ್ದವರು ಮಾತ್ರ ಅಕ್ಟೋಬರ್ ಕೊನೆಗೋ ನವೆಂಬರಿಗೋ ಹೋಗಬೇಕು. ಇಲ್ಲಿ ಹಿಂಗಾರಿನದೇ ಜೋರು. ಈ ಮನೆಗಳ ರಹಸ್ಯವೆಲ್ಲ ಮಳೆ ಬಿದ್ದಾಗಲೇ ಬಿಚ್ಚಿಕೊಳ್ಳುವುದು.

ಚೆಟ್ಟಿನಾಡಿನ ಕಾನಾಡುಕಾತ್ತಾನ್ ಊರಿನಲ್ಲಿ ಒಂದು ಬೀದಿ ನಡೆದರೂ ಮನೆಯ ಅಳತೆ ತಿಳಿಯುತ್ತದೆ. ಹೆಬ್ಬಾಗಿಲು ಈ ಬೀದಿಗೆ, ಹಿತ್ತಿಲ ಬಾಗಿಲು ಹಿಂದಿನ ಬೀದಿಗೆ. ಮೊದಲು ತಿಣ್ಣೈ, ಅಂದರೆ ನಮ್ಮ ಜಗುಲಿ. ಆಮೇಲೆ ವಳವು ಎಂಬ ದೊಡ್ಡ ತೊಟ್ಟಿ (ತೆರೆದ ಒಳಂಗಳ), ಅದರ ಸುತ್ತ ಪಡಸಾಲೆ, ಪಡಸಾಲೆಗೆ ತೆರೆಯುವ ಕೋಣೆಗಳು. ಅದರ ಹಿಂದೆ ಎರಡನೆಯ ಕಟ್ಟು, ಮೂರನೆಯ ಕಟ್ಟು, ಕೊನೆಗೆ ಅಡುಗೆಮನೆ, ಬಾವಿ. ಬರ್ಮಾ, ಮಲಯ, ಸಿಲೋನುಗಳಲ್ಲಿ ಲೇವಾದೇವಿ ನಡೆಸಿದ ನಗರತ್ತಾರ್ ಚೆಟ್ಟಿಯಾರರು ಬರ್ಮಾ ತೇಗ, ಇಟಲಿಯ ಅಮೃತಶಿಲೆ ತರಿಸಿ ಕಟ್ಟಿದ್ದು. 1942ರಲ್ಲಿ ಜಪಾನೀಯರು ಬರ್ಮಾ ಹಿಡಿದ ಮೇಲೆ ಆ ಹಣದ ಹರಿವು ನಿಂತಿತು. ಒಂದೇ ಮನೆಗೆ ಹತ್ತಾರು ವಾರಸುದಾರರಾದರು. ಹಾಗಾಗಿ ಇಲ್ಲಿ ದುರಸ್ತಿಯ ಮೊದಲ ಹೆಜ್ಜೆ ಗಾರೆಯಲ್ಲ, ಕಾಗದಪತ್ರ. ಎಲ್ಲ ಪಾಲುದಾರರ ಸಹಿ ಬೀಳುವವರೆಗೆ ಒಂದು ಹೆಂಚನ್ನೂ ಎತ್ತಬಾರದು.

ಕಾಡಿಯಾಪಟ್ಟಿಯ ಚಿದಂಬರ ವಿಲಾಸ, ಕಾನಾಡುಕಾತ್ತಾನ್‌ನ ವಿಶಾಲಂ, ಕೋತ್ತಮಂಗಲದ ಶಾರದಾ ವಿಲಾಸ ಈಗ ಅತಿಥಿಗೃಹಗಳು. ಶಾರದಾ ವಿಲಾಸವನ್ನು ಇಬ್ಬರು ಫ್ರೆಂಚ್ ವಾಸ್ತುಶಿಲ್ಪಿಗಳು ದುರಸ್ತಿ ಮಾಡಿಸಿದ್ದು. ಇಂಥ ಮನೆಗೆ ಹೋದಾಗ ಕಂಬದ ಕೆತ್ತನೆಗಿಂತ ಮೊದಲು ತೊಟ್ಟಿಯ ಮೂಲೆ ನೋಡಿ. ನಾಲ್ಕೂ ಇಳಿಮಾಡಿನ ನೀರು ಅಲ್ಲಿಗೇ ಬಂದು, ನೆಲದಡಿಯ ಕಾಲುವೆಯಿಂದ ಹೊರಗೆ ಸಾಗುತ್ತದೆ. ಊರಿನ ಮಳೆನೀರು ತುಂಬುವ ಕೆರೆಗೆ ಇಲ್ಲಿ ಊರಣಿ ಎನ್ನುತ್ತಾರೆ. ಮದುವೆಗೆ ಮನೆ ಬಾಡಿಗೆ ಕೊಡುವವರು ಮಾಡುವ ದೊಡ್ಡ ತಪ್ಪು ತೊಟ್ಟಿಯ ಮೇಲೆ ಪ್ಲಾಸ್ಟಿಕ್ ಶೀಟು ಹೊದಿಸುವುದು. ಬಿಸಿಗಾಳಿ ಮೇಲೇರಿ ಹೋಗಲು ದಾರಿಯಿಲ್ಲದೆ ಪಡಸಾಲೆ ಬೇಯುತ್ತದೆ. ಶೀಟಿನ ಅಂಚಿನಿಂದ ನೀರು ಹೆಂಚಿನ ಅಡಿಗೆ ನುಗ್ಗಿ ಜಂತೆ ಕೊಳೆಯುತ್ತದೆ. ಬಿಸಿಲಿಗೆ ಬಟ್ಟೆಯ ಚಪ್ಪರ ಸಾಕು, ಸಂಜೆ ಬಿಚ್ಚುವಂತಿರಬೇಕು. ಅದರ ಹಗ್ಗವನ್ನು ತೇಗದ ಕಂಬಕ್ಕೆ ಕಟ್ಟದೆ ಬೇರೆ ಗೂಟಕ್ಕೆ ಕಟ್ಟಬೇಕು.

ಮದ್ರಾಸ್ ತಾರಸಿಯ ಕಥೆಯೂ ನೀರಿನದೇ. ತೊಲೆಗಳ ಮೇಲೆ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಟ್ಟಿ, ಮೇಲೆ ಸುಮಾರು 3 ಅಂಗುಲ ಇಟ್ಟಿಗೆಜಲ್ಲಿ-ಸುಣ್ಣ ಹಾಸಿ ಬಡಿದು, ಚಪ್ಪಟೆ ಹೆಂಚು ಕೂರಿಸಿದ್ದು. ಸೋರಿದಾಗ ಅದರ ಮೇಲೆ ಸಿಮೆಂಟು ಬಳಿದರೆ ಭಾರ ಹೆಚ್ಚುತ್ತದೆ, ಸಿಮೆಂಟು ಬಿರಿಯುತ್ತದೆ. ಬಿರುಕಿನಲ್ಲಿ ಇಳಿದ ನೀರಿಗೆ ಆವಿಯಾಗಲು ದಾರಿಯಿಲ್ಲದೆ ಗೋಡೆಯೊಳಗೆ ಹೂತ ತೊಲೆಯ ತುದಿ ಮೆತ್ತಗಾಗುತ್ತದೆ. ಆ ತುದಿಗೆ ಮೊಳೆ ಚುಚ್ಚಿ ನೋಡಬೇಕು. ಬೆರಳಿನ ಒತ್ತಡಕ್ಕೇ ಒಳಗೆ ಹೋದರೆ ಕೊಳೆತದ್ದನ್ನು ಕತ್ತರಿಸಿ, ಹಳೆಯ ತೇಗದ ತುಂಡನ್ನು ಓರೆಯಾಗಿ ಕಚ್ಚು ಕೊಟ್ಟು ಬೆಸೆಯಬೇಕು, ಸುತ್ತ ಗಾಳಿಯಾಡಲು ಬೆರಳಗಲ ಸಂದು ಬಿಡಬೇಕು. ಗೋಡೆಯಲ್ಲಿ ಹುಟ್ಟಿದ ಅರಳಿ ಸಸಿಯನ್ನು ಎಳೆದು ಕೀಳಬಾರದು, ಇಟ್ಟಿಗೆಯೂ ಜತೆಗೆ ಬರುತ್ತದೆ. ಕಾಂಡ ಕತ್ತರಿಸಿ, ಬೇರು ಸತ್ತ ಮೇಲೆ ಸುಣ್ಣ ತುಂಬಬೇಕು. ಅತಿಥಿಗಳ ಗುಂಪನ್ನು ಈ ತಾರಸಿಗೆ ಹತ್ತಿಸುವ ಮುನ್ನ ಇಂಜಿನಿಯರಿಂದ ತೊಲೆಗಳ ಲೆಕ್ಕ ಹಾಕಿಸಲೇಬೇಕು.

ಗೋಡೆಗಳ ಹೊಳಪನ್ನು ಮುಟ್ಟಿದರೆ ಕಲ್ಲಿನ ಹಾಗೆ ತಣ್ಣಗೆ. ಸುಟ್ಟ ಸುಣ್ಣವನ್ನು ನೀರಲ್ಲಿ ಅರಳಿಸಿ ಕನಿಷ್ಠ 15 ದಿನ, ಸಾಧ್ಯವಾದರೆ ತಿಂಗಳು ಕೊಳೆಹಾಕುತ್ತಾರೆ. ಅಳಲೆಕಾಯಿ ಜಜ್ಜಿ ನೆನೆಸಿದ ನೀರು, ಬೆಲ್ಲದ ನೀರು ಬೆರೆಸುತ್ತಾರೆ. ಬೆಲ್ಲ ಹೆಚ್ಚಾದರೆ ಗಾರೆ ಗಟ್ಟಿಯಾಗಲು ತಡ. ಒಳಪದರಕ್ಕೆ 1 ಪಾಲು ಸುಣ್ಣ, 3 ಪಾಲು ಮರಳು. ಒಂದು ಪದರ 10–12 ಮಿ.ಮೀ.ಗಿಂತ ದಪ್ಪ ಬೇಡ, ವಾರಪೂರ್ತಿ ಒದ್ದೆ ಗೋಣಿತಾಟಿನಡಿ ಇರಬೇಕು. ಮೇಲುಮೇಲಿನ ಪದರಗಳು ನಯವಾಗುತ್ತ ಹೋಗಿ, ಕೊನೆಯದಕ್ಕೆ ಮೊಟ್ಟೆಯ ಬಿಳಿ ಸೇರುತ್ತದೆ. ಅದು ಅರೆ ಒಣಗಿದಾಗ ನುಣ್ಣನೆಯ ಬೆಣಚುಕಲ್ಲಿನಿಂದ ಉಜ್ಜುತ್ತಾರೆ. ಬೇಸಿಗೆಯ ಬಿಸಿಲಿಗೆ ಬಿಟ್ಟ ಗಾರೆ ಪುಡಿಯಾಗಿ ಉದುರುತ್ತದೆ. ಸುಣ್ಣದ ಗಾರೆಯ ಮೇಲೆ ಎಮಲ್ಷನ್ ಪೇಂಟ್ ಹೊಡೆದರೆ ಒಳಗಿನ ತೇವ ಉಪ್ಪನ್ನು ಹೊತ್ತು ಹೊರಬಂದು, ಬಣ್ಣ ಗುಳ್ಳೆಯೆದ್ದು ಚಕ್ಕೆಯಾಗುತ್ತದೆ.

ನೆಲಕ್ಕೆ ಹಾಸುವ ಬಣ್ಣದ ಟೈಲ್ಸ್ ಮಾಡುವ ಊರು ಆತ್ತಂಗುಡಿ ಕಾನಾಡುಕಾತ್ತಾನ್‌ಗೆ ಹತ್ತಿರ. ಗಾಜಿನ ತಟ್ಟೆಯ ಮೇಲೆ ಚೌಕದ ಅಚ್ಚಿಟ್ಟು, ಅದರೊಳಗಿನ ವಿನ್ಯಾಸದ ಅಚ್ಚಿನ ಖಾನೆಗಳಿಗೆ ಬಣ್ಣದ ಸಿಮೆಂಟು ಹೊಯ್ದು, ಆ ವಿನ್ಯಾಸದ ಅಚ್ಚನ್ನು ಎತ್ತಿ, ಒಣ ಸಿಮೆಂಟು-ಮರಳು ಉದುರಿಸಿ, ಮೇಲೆ ಒದ್ದೆ ಗಾರೆ ತುಂಬಿ ಸಮ ಮಾಡುತ್ತಾರೆ. ಗೂಡು, ಬೆಂಕಿ ಯಾವುದೂ ಇಲ್ಲ. ನೀರಿನ ತೊಟ್ಟಿಯಲ್ಲಿ ಕೆಲವು ದಿನ ಮುಳುಗಿಸಿ ಒಣಗಿಸಿದಾಗ ಗಾಜು ತಾನಾಗಿ ಬಿಡುತ್ತದೆ, ಅದರ ಹೊಳಪು ಟೈಲ್ಸಿಗೆ ಉಳಿಯುತ್ತದೆ. ಕೊಬ್ಬರಿ ಎಣ್ಣೆಯ ಒರೆಸು, ಬರಿಗಾಲಿನ ಓಡಾಟ ಇದಕ್ಕೆ ಒಳ್ಳೆಯದು. ಹುಳಿಯೇ ಶತ್ರು. ನಿಂಬೆರಸ, ಹುಣಸೆಹುಳಿ, ಆಸಿಡ್ ಕ್ಲೀನರ್ ಬಿದ್ದ ಕಡೆ ಮಾಸಲು ಕಲೆ ಕೂರುತ್ತದೆ. ಹಾಗಾಗಿ ಊಟದ ಪಂಕ್ತಿಯನ್ನು ಕಲ್ಲುಹಾಸಿನ ಹಿತ್ತಿಲಿಗೆ ಹಾಕುವುದು ಲೇಸು. ಕುರ್ಚಿಯ ಕಾಲಿಗೆ ರಬ್ಬರು ತೊಡಿಸಿರಬೇಕು.

ಶೌಚಾಲಯಗಳನ್ನೂ ಹಿತ್ತಿಲಲ್ಲಿ ಮೂಲ ಗೋಡೆಗೆ ತಾಗದ ಹೊಸ ಕಟ್ಟಡದಲ್ಲಿ ಕಟ್ಟಿದವರು ಬುದ್ಧಿವಂತರು. ಸುಣ್ಣದ ಗೋಡೆ ಕೊರೆದು ಪೈಪು ಇಟ್ಟರೆ ಒಂದು ಸಣ್ಣ ಸೋರಿಕೆ ಕಾಣುವ ಹೊತ್ತಿಗೆ ಇಡೀ ಗೋಡೆ ನೆನೆದಿರುತ್ತದೆ. ಎಸಿಯ ನೀರನ್ನೂ ಗೋಡೆಗೆ ಇಳಿಯಬಿಡದೆ ಕೊಳವೆಯಲ್ಲಿ ಕಾಲುವೆಗೆ ಸೇರಿಸಬೇಕು. ಎರಡು ಬೀದಿಗೂ ಬಾಗಿಲಿರುವುದು ಜನಸಂದಣಿಯ ದಿನ ದೊಡ್ಡ ವರ. ಹಿಂಬಾಗಿಲಿಗೆ ಬೀಗ ಹಾಕಿ ಪಾತ್ರೆ ಪೇರಿಸಿಟ್ಟರೆ ಬೆಂಕಿ ಬಿದ್ದಾಗ ಆ ವರ ಇದ್ದೂ ಇಲ್ಲ.

ಕೊನೆಗೆ ಕಾರೈಕುಡಿಯ ಹಳೆ ಸಾಮಾನಿನ ಬೀದಿ. ಕೆಡವಿದ ಮನೆಗಳ ಕಂಬ, ಬಾಗಿಲು, ಬೋದಿಗೆಗಳು ಗೋಡೆಗೊರಗಿ ನಿಂತಿರುತ್ತವೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಅಲಂಕಾರಕ್ಕೆಂದು ಇಲ್ಲಿ ಕೊಳ್ಳಬೇಡಿ. ದುರಸ್ತಿಯ ಮನೆಯಲ್ಲಿ ನಿಜಕ್ಕೂ ಕಳೆದುಹೋದ ಭಾಗವಿದ್ದರೆ ಮಾತ್ರ ಅಳತೆ ಬರೆದುಕೊಂಡು ಹೋಗಿ. ಬಾಗಿಲಾದರೆ ಚೌಕಟ್ಟು ಜತೆಗಿದೆಯೇ, ತಿರುಗಣಿ ಸವೆದಿದೆಯೇ ನೋಡಿ. ಕಂಬವಾದರೆ ಬುಡ ತಟ್ಟಿ ಕೇಳಿ: ಗಟ್ಟಿ ಮರ ಠಣ್ ಎನ್ನುತ್ತದೆ, ಗೆದ್ದಲು ತಿಂದದ್ದು ಬೊದ್ ಎನ್ನುತ್ತದೆ.