ಕಿವಿ ಕೇಳದ ಮರಿಗೆ ಕೈಸನ್ನೆ

ಮುಂಬೈ ಹತ್ತಿರದ ಡೊಂಬಿವಲಿ ಕಡೆ ಕಿವುಡು ನಾಯಿಮರಿ ಸಾಕಿರೋ ನಮ್ಮ ಕನ್ನಡದವರಿಗೆ: ಮೊದಲು ಕಲಿಸಬೇಕಾದ್ದು ‘ಕೂತ್ಕೋ’ ಅಲ್ಲ, ನಿಮ್ಮ ಮುಖ ನೋಡೋದು. ಮರಿ ತಾನಾಗೇ ನಿಮ್ಮತ್ತ ತಿರುಗಿದ ಕ್ಷಣ ಹೆಬ್ಬೆರಳು ಎತ್ತಿ, ಒಂದೆರಡು ಸೆಕೆಂಡಿನೊಳಗೆ ಬೇಯಿಸಿದ ಚಿಕನ್ ಚೂರು ಕೊಡಿ, ಕಡಲೆಕಾಳಿನಷ್ಟು ಸಾಕು. ತಡವಾದರೆ ಹೆಬ್ಬೆರಳಿಗೂ ತಿಂಡಿಗೂ ಇರೋ ಸಂಬಂಧ ಅದರ ತಲೆಗೆ ಹತ್ತಲ್ಲ. ಅಜ್ಜಿದೊಂದು ಸನ್ನೆ, ಮೊಮ್ಮಗಂದೊಂದು ಸನ್ನೆ ಆದರೂ ಅಷ್ಟೇ, ಮರಿ ಕಂಗಾಲು. ಕೂಗಿ ಗದರೋಕೆ ದಾರಿ ಇಲ್ಲದಿರೋದು ಒಂಥರಾ ಒಳ್ಳೇದೇ. ಆದರೆ ಮುಖ ಸಿಡುಕಿದರೆ ತಕ್ಷಣ ಗೊತ್ತಾಗಿಬಿಡುತ್ತೆ.

ನಿದ್ದೆಯಲ್ಲಿದ್ದಾಗ ದಿಢೀರ್ ಮುಟ್ಟಬೇಡಿ, ಬೆಚ್ಚಿ ಕಚ್ಚೀತು. ಮೂಗಿನ ಮುಂದೆ ಅಂಗೈ ಹಿಡಿದು ವಾಸನೆ ತಾಗಲು ಬಿಡಿ, ಆಮೇಲೆ ಭುಜ ಮೆಲ್ಲಗೆ ಸವರಿ, ಕಣ್ಣು ಬಿಟ್ಟೊಡನೆ ಒಂದು ಚೂರು. ನೆಲ ಕುಟ್ಟಿ ಕರೆಯಿರಿ ಅಂತಾರೆ; ಹಲಗೆ ನೆಲಕ್ಕೆ ಸರಿ, ನಮ್ಮ ಫ್ಲಾಟುಗಳ ಟೈಲ್ಸಲ್ಲಿ ಅಷ್ಟಾಗಿ ನಡೆಯಲ್ಲ, ಕೆಳಗಿನ ಮನೆಯವರು ಮಾತ್ರ ಹತ್ತಿ ಬರ್ತಾರೆ. ಲೈಟ್ ಆರಿಸಿ ಹಚ್ಚೋದು ಮೇಲು. ಟಾರ್ಚ್ ಬೆಳಕಿನ ಹಿಂದೆ ಓಡಿಸಿ ಆಡಿಸಬೇಡಿ, ಬೆಳಕು ಅಟ್ಟೋ ಹುಚ್ಚು ಹಿಡಿಯುತ್ತೆ.

ರಿಕ್ಷಾ ಹಾರ್ನ್ ಕೇಳಿಸದ ಪ್ರಾಣಿ, ಸೊಸೈಟಿ ಗೇಟ್ ದಾಟಿದ ಮೇಲೆ ಬೆಲ್ಟ್ ಬಿಚ್ಚಲೇಬಾರದು. ಕೊರಳಪಟ್ಟಿ ಮೇಲೆ ಫೋನ್ ನಂಬರ್ ಜೊತೆ ‘ಕಿವಿ ಕೇಳಿಸಲ್ಲ’ ಅಂತ ಮರಾಠಿಯಲ್ಲೂ ಬರೆಸಿ.