ಶರಾವತಿ ಕೊಳ್ಳದಲ್ಲಿ ಒಂದು ನಡಾವಳಿಯ ಜಾಡು ಹಿಡಿದು

ಬೆಂಗಳೂರು, ಶಿವಮೊಗ್ಗ ಕಡೆಯಿಂದ ಬರುವ ರೈಲು ಹಳಿ ತಾಳಗುಪ್ಪದಲ್ಲಿ ಮುಗಿಯುತ್ತದೆ. ಅಲ್ಲಿ ಇಳಿದವರು ಜೋಗದ ಬಸ್ಸು ಹುಡುಕುವುದು ವಾಡಿಕೆ. ಈ ಪ್ರಯಾಣದ ಗುರಿ ಮಾತ್ರ ಜೋಗದ ಮಗ್ಗುಲಿನ ಕಾರ್ಗಲ್ ಮತ್ತು ಘಟ್ಟದ ಬುಡದ ಗೇರುಸೊಪ್ಪ. ಎರಡು ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿ ಇಳಿಸಿ ವಿದ್ಯುತ್ ಕೂಡಿಡುವ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಬಗ್ಗೆ 2025ರ ಸೆಪ್ಟೆಂಬರಿನಲ್ಲಿ ಪರಿಸರ ಅಹವಾಲು ಸಭೆಗಳು ನಡೆದ ಊರುಗಳಿವು. ಒಂದೇ ಯೋಜನೆಗೆ ಎರಡು ಸಭೆ ಏಕೆಂದರೆ, ಯೋಜನೆ ಎಷ್ಟು ಜಿಲ್ಲೆಗಳಲ್ಲಿ ಹರಡಿದೆಯೋ ಅಷ್ಟೂ ಜಿಲ್ಲೆಗಳಲ್ಲಿ ಪ್ರತ್ಯೇಕವಾಗಿ ಜನರ ಮಾತು ಕೇಳಬೇಕು ಎನ್ನುತ್ತದೆ 2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆ. ಮೇಲಿನ ಜಲಾಶಯ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನದು, ಕೆಳಗಿನದು ಉತ್ತರ ಕನ್ನಡದ ಹೊನ್ನಾವರ ತಾಲ್ಲೂಕಿನದು.

ಜೋಗದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮಳೆಗಾಲ ಕಳೆದ ಮೇಲೆ ಅಲ್ಲಿ ಬೀಳುವ ನೀರು ಎಷ್ಟೆಂಬುದನ್ನು ಲಿಂಗನಮಕ್ಕಿಯ ಗೇಟುಗಳೇ ತೀರ್ಮಾನಿಸುತ್ತವೆ. ಸಿಗಂದೂರು ಹಾದಿಯ ಹೊಸ ಕೇಬಲ್ ಸೇತುವೆ 2025ರ ಜುಲೈನಲ್ಲಿ ತೆರೆದಿದೆ. ಹೊಳೆಬಾಗಿಲಿನ ಲಾಂಚಿಗೆ ಕಾದು ನಿಲ್ಲುತ್ತಿದ್ದ ದಿನಗಳನ್ನು ಬಲ್ಲವರಿಗೆ ಅದರ ಬೆಲೆ ಗೊತ್ತು. ಅಣೆಕಟ್ಟು, ವಿದ್ಯುದಾಗಾರಗಳ ಹತ್ತಿರ ಹೋಗಲು ಮುಂಗಡ ಅನುಮತಿ ಬೇಕು. ಕ್ಯಾಮೆರಾ ಹಿಡಿದು ಗೇಟಿನ ಮುಂದೆ ವಾದಿಸಿ ಪ್ರಯೋಜನವಿಲ್ಲ.

ಯೋಜನೆ ಇಷ್ಟು: ತಲಕಳಲೆ ಮೇಲಿನ ಜಲಾಶಯ, ಗೇರುಸೊಪ್ಪ ಕೆಳಗಿನದು. ನಡುವೆ ಸುರಂಗಗಳು, ನೆಲದೊಳಗೆ ವಿದ್ಯುದಾಗಾರ, ತಲಾ 250 ಮೆಗಾವಾಟಿನ ಎಂಟು ಘಟಕ, ಒಟ್ಟು 2000 ಮೆಗಾವಾಟ್. ಹಗಲು ಸೌರ ವಿದ್ಯುತ್ ಮಿಕ್ಕಿದಾಗ ನೀರನ್ನು ಮೇಲಕ್ಕೆತ್ತುವುದು, ಸಂಜೆ ಬೇಡಿಕೆ ಏರಿದಾಗ ಕೆಳಕ್ಕೆ ಬಿಡುವುದು. ಎರಡೂ ಜಲಾಶಯಗಳ ನಡುವೆ 400 ಮೀಟರಿಗೂ ಹೆಚ್ಚಿನ ಎತ್ತರದ ವ್ಯತ್ಯಾಸವಿದೆ. ಅಷ್ಟು ಎತ್ತರದಿಂದ ಇಳಿಯುವ ಒಂದು ಘನ ಮೀಟರ್ ನೀರಿನಲ್ಲಿ ಸುಮಾರು ಒಂದು ಯೂನಿಟ್ ವಿದ್ಯುತ್ ಇದೆ. ಮೇಲೆತ್ತಲು ತಗಲುವುದು ಅದಕ್ಕಿಂತ ಹೆಚ್ಚು. ಇಂಥ ಘಟಕಗಳು ನೂರು ಯೂನಿಟ್ ತಿಂದು 75ರಿಂದ 80 ಯೂನಿಟ್ ವಾಪಸು ಕೊಡುತ್ತವೆ. ಪಾವಗಡದಂಥ ಸೌರ ಪಾರ್ಕುಗಳಿರುವ ರಾಜ್ಯಕ್ಕೆ ವಿದ್ಯುತ್ತನ್ನು ಕೂಡಿಡುವ ವ್ಯವಸ್ಥೆ ಬೇಕು ಎಂಬುದರಲ್ಲಿ ತಕರಾರಿಲ್ಲ. ತಕರಾರಿರುವುದು ಜಾಗದ ಬಗ್ಗೆ: ಇದು ಸಿಂಗಳೀಕಗಳಿಗೆಂದೇ ಮೀಸಲಿಟ್ಟ ಅಭಯಾರಣ್ಯದ ಒಳಗಿದೆ, 54 ಹೆಕ್ಟೇರಿಗೂ ತುಸು ಹೆಚ್ಚು ಅರಣ್ಯಭೂಮಿ ಕೇಳುತ್ತದೆ. ಆಂಧ್ರದ ಪಿನ್ನಾಪುರಂನಲ್ಲಿ ಇದೇ ತಂತ್ರದ ಯೋಜನೆಯನ್ನು ನದಿಯ ಪಾತ್ರದಿಂದ ದೂರ, ಒಣ ಗುಡ್ಡಗಳ ನಡುವೆ ಕಟ್ಟಿದ್ದಾರೆ. ಈ ಹೋಲಿಕೆಯನ್ನು ಅಹವಾಲು ಸಭೆಯಲ್ಲಿ ಎತ್ತುವುದು ಪೂರ್ತಿ ನ್ಯಾಯಸಮ್ಮತ, ಏಕೆಂದರೆ ಇಐಎ ವರದಿಯಲ್ಲಿ ಪರ್ಯಾಯ ಸ್ಥಳಗಳ ಪರಿಶೀಲನೆಗೆಂದೇ ಒಂದು ಅಧ್ಯಾಯ ಇರಬೇಕು.

ಈ ಪ್ರವಾಸದಲ್ಲಿ ನೋಡಬೇಕಾದ ವಸ್ತುವೆಂದರೆ ಸಭೆಯ ನಡಾವಳಿ, ಅಂದರೆ ಅಲ್ಲಿ ಯಾರು ಏನು ಹೇಳಿದರು ಎಂಬುದರ ಅಧಿಕೃತ ದಾಖಲೆ. ಅದನ್ನು ಪಂಚಾಯಿತಿ, ಜಿಲ್ಲಾ ಪಂಚಾಯಿತಿ, ಜಿಲ್ಲಾಧಿಕಾರಿ ಕಚೇರಿ, ಮಾಲಿನ್ಯ ನಿಯಂತ್ರಣ ಮಂಡಳಿಗಳಲ್ಲಿ ಎಲ್ಲರಿಗೂ ಕಾಣುವಂತೆ ಪ್ರದರ್ಶಿಸಬೇಕು, ಮಂಡಳಿಯ ಜಾಲತಾಣದಲ್ಲೂ ಹಾಕಬೇಕು. ಅಧಿಸೂಚನೆಯ ನಾಲ್ಕನೆಯ ಅನುಬಂಧ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಆದರೆ ದಾರಿಯಲ್ಲಿ ಸಿಕ್ಕ ಒಂದು ಸರ್ಕಾರಿ ಕಚೇರಿಯಲ್ಲಿ ಬಂದ ಉತ್ತರ, "ಫೈಲು ಬೀರುವಿನಲ್ಲಿದೆ, ಕೀಲಿ ಇಟ್ಟುಕೊಂಡವರು ರಜೆ, ಬೇಕಿದ್ದರೆ ಆರ್‌ಟಿಐ ಹಾಕಿ." ಗೋಡೆಯ ಮೇಲೆ ಅಂಟಿಸಿರಬೇಕಾದ ಕಾಗದಕ್ಕೆ ಅರ್ಜಿ ಹಾಕಿ ಮೂವತ್ತು ದಿನ ಕಾಯಬೇಕೆಂಬುದು ಈಗಲೂ ಗಂಟಲಲ್ಲಿ ಸಿಕ್ಕಿಕೊಂಡಿದೆ. ಹೋಗುವವರು ಮೊದಲೇ ಫೋನ್ ಮಾಡಿ. ಎರಡನೆಯ, ನಾಲ್ಕನೆಯ ಶನಿವಾರ ರಜೆ ಎಂಬುದು ನೆನಪಿರಲಿ. ಅನುಬಂಧದ ಆ ಪ್ಯಾರಾವನ್ನು ಮುದ್ರಿಸಿ ಕೈಯಲ್ಲಿಟ್ಟುಕೊಳ್ಳಿ. ಆಗಲೂ ಕೊಡದಿದ್ದರೆ ಲಿಖಿತ ಮನವಿ ಕೊಟ್ಟು ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೇಳಿ. ಕಾಗದ ಇಲ್ಲ ಎಂದು ಬರೆದು ಸಹಿ ಹಾಕುವ ಪ್ರಸಂಗ ಬಂದಾಗ ಬೀರುವಿನ ಕೀಲಿ ಬೇಗ ಸಿಗುತ್ತದೆ.

ಕಾರ್ಗಲ್ ದಾಟಿ ಒಳದಾರಿಯಲ್ಲಿ ಹೋದರೆ ಅಡಿಕೆ ತೋಟದ ಮನೆಗಳು. ಕೊನೆಕೊಯ್ಲು ಶುರುವಾಗಿತ್ತು. ಅಂಥ ಒಂದು ಮನೆಯ ಜಗಲಿಯಲ್ಲಿ ನಡೆದ ಮಾತುಕತೆಯೇ ಇಡೀ ಪ್ರಯಾಣದ ತಿರುಳಾಯಿತು. ಮನೆಯ ಯಜಮಾನರು ಎಪ್ಪತ್ತು ದಾಟಿದವರು. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಊರು ಬಿಟ್ಟ ಮುಳುಗಡೆ ಸಂತ್ರಸ್ತರ ಮನೆತನ. ಅವರು ಕವಳದ ತಟ್ಟೆ ಮುಂದಿಟ್ಟು, ಒಳಗಿನಿಂದ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದರು. ಈ ಭಾಗದಲ್ಲಿ ಯಾವ ಅಹವಾಲು ಸಭೆ ನಡೆದರೂ ಕೂತು ಬರೆದುಕೊಳ್ಳುವುದು ಅವರ ಅಭ್ಯಾಸ. ಪ್ರತಿ ಪುಟಕ್ಕೂ ಅಡಿಪಟ್ಟಿ ಇಟ್ಟು ಮೂರು ಕಾಲಂ ಎಳೆದಿದ್ದರು: ಯಾರು ಕೇಳಿದರು, ಏನು ಕೇಳಿದರು, ಕೊನೆಗೆ ಏನೆಂದು ಓದಿದರು. ಮೊದಲ ಎರಡು ಕಾಲಂ ನೀಲಿ ಶಾಯಿ, ಮೂರನೆಯದು ಕೆಂಪು. ಕೆಲವು ಸಾಲುಗಳಲ್ಲಿ ಕೆಂಪು ಶಾಯಿಯೇ ಇರಲಿಲ್ಲ.

"ಖಾಲಿ ಬಿಟ್ಟದ್ದು ಯಾಕೆ ಯಜಮಾನರೇ?" ಎಂದಾಗ ಅವರೆಂದರು, "ಅದು ಓದೇ ಇಲ್ಲ ಮಾರಾಯ್ರೆ. ಅಷ್ಟೊತ್ತಿಗೆ ಕೇಳಿದವರೂ ಇರಲಿಲ್ಲ. ಭಾಷಣ ಮುಗೀತು, ಊಟಕ್ಕೆ ಹೋಗಾಯ್ತು. ಸಭೆ ಮುಗಿಯೋದು ಓದಿದ ಮೇಲೆ ಅಂತ ಯಾರಿಗೂ ಗೊತ್ತಿಲ್ಲ."

ಅವರ ಮಾತು ಅಕ್ಷರಶಃ ಸರಿ. ಸಭೆಯ ಅಧ್ಯಕ್ಷತೆ ಜಿಲ್ಲಾಧಿಕಾರಿಯದು, ಅಥವಾ ಅಪರ ಜಿಲ್ಲಾಧಿಕಾರಿಗಿಂತ ಕೆಳಗಿಲ್ಲದ ಪ್ರತಿನಿಧಿಯದು. ಮಾಲಿನ್ಯ ನಿಯಂತ್ರಣ ಮಂಡಳಿಯವರು ನಡಾವಳಿ ಬರೆಯುತ್ತಾರೆ. ಇಡೀ ಸಭೆಯ ವಿಡಿಯೊ ಆಗಬೇಕು. ಎಲ್ಲ ಮಾತು ಮುಗಿದ ಮೇಲೆ ಬರೆದುಕೊಂಡ ಸಾರಾಂಶವನ್ನು ಜನರ ಮುಂದೆ ಗಟ್ಟಿಯಾಗಿ ಓದಿ, ಕನ್ನಡದಲ್ಲಿ ವಿವರಿಸಿ, ಒಪ್ಪಿಗೆಯಾದ ನಡಾವಳಿಗೆ ಅಧ್ಯಕ್ಷರು ಅದೇ ದಿನ ಸಹಿ ಹಾಕಬೇಕು. ಜನರು ಎತ್ತಿದ ವಿಷಯಗಳ ಪಟ್ಟಿ, ಎದುರಿಗೆ ಯೋಜನೆಯವರ ಉತ್ತರ, ಇವು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಜೊತೆಗಿರಬೇಕು. ಮಂಡಳಿ ಇದನ್ನು ಎಂಟು ದಿನದೊಳಗೆ ಮೇಲಕ್ಕೆ ಕಳಿಸುತ್ತದೆ. ದೆಹಲಿಯ ತಜ್ಞರ ಸಮಿತಿಯ ಮೇಜಿಗೆ ಹೋಗುವುದು ಈ ಕಾಗದ. ಸಭಾಂಗಣದ ಚಪ್ಪಾಳೆ, ಹೊರಗಿನ ಘೋಷಣೆ ಅಲ್ಲಿಗೆ ತಲುಪುವುದಿಲ್ಲ.

"ಸುಮ್ಮನೆ ವಿರೋಧ ಅಂದ್ರೆ ಏನಾಗ್ತದೆ ಗೊತ್ತಾ?" ಎಂದು ಅವರು ನೋಟ್‌ಬುಕ್ಕಿನ ಒಂದು ಸಾಲಿನ ಮೇಲೆ ಬೆರಳಿಟ್ಟರು. ನೀಲಿ ಶಾಯಿಯಲ್ಲಿ ಅರ್ಧ ಪುಟದ ಮಾತು, ಕೆಂಪಿನಲ್ಲಿ ಮೂರೇ ಪದ: ಯೋಜನೆಗೆ ವಿರೋಧ ವ್ಯಕ್ತಪಡಿಸಿದರು. ಅದರ ಕೆಳಗಿನದು ಒಂದು ಹೆಂಗಸಿನ ಪ್ರಶ್ನೆ. ಅಗೆದ ಮಣ್ಣು, ಕಲ್ಲು ಎಷ್ಟು ಲಾರಿ, ಯಾವ ಸರ್ವೆ ನಂಬರಿಗೆ ಹಾಕುತ್ತೀರಿ, ಮಳೆಗಾಲದಲ್ಲಿ ಅದು ನಮ್ಮ ಹಳ್ಳಕ್ಕೆ ಇಳಿಯದಂತೆ ಏನು ಕಟ್ಟುತ್ತೀರಿ? ಕೆಂಪು ಶಾಯಿಯಲ್ಲಿ ಆ ಪ್ರಶ್ನೆ ಪೂರ್ತಿಯಾಗಿ ಇತ್ತು, ಎದುರಿಗೆ ಉತ್ತರವೂ ಇತ್ತು. "ಪ್ರಶ್ನೆ ಕೇಳಿದ್ರೆ ಉತ್ತರದ ಕಾಲಂ ಭರ್ತಿ ಮಾಡ್ಲೇಬೇಕು. ಭರ್ತಿ ಮಾಡಿದ್ದು ಮುಂದೆ ಅವರನ್ನೇ ಹಿಡೀತದೆ. ಅಣೆಕಟ್ಟು ಕಟ್ಟುವಾಗ ನಮ್ಮಪ್ಪನ್ನ ಯಾರೂ ಕೇಳಲಿಲ್ಲ. ಈಗ ಕೇಳ್ತಾರೆ. ಕೇಳಿದ್ದನ್ನ ಹೆಂಗೆ ಬರೀತಾರೆ ಅಂತ ನೋಡೋದು ನಮ್ಮ ಕೆಲಸ."

ಸಭೆಗೆ ಹೋಗುವವರಿಗೆ ಅವರು ಹೇಳಿಕೊಡುವ ತಯಾರಿ ಬಲು ಸರಳ. ಪ್ರಕಟಣೆ ಬಂದ ದಿನದಿಂದ ಸಭೆಗೆ ಕನಿಷ್ಠ 30 ದಿನ ಇರಬೇಕು. ಮೊದಲು ಅದನ್ನು ಲೆಕ್ಕ ಹಾಕಿ, ಪತ್ರಿಕೆಯ ಆ ಪುಟವನ್ನು ಕತ್ತರಿಸಿ ಇಡುವುದು. ಕನ್ನಡದ ಸಾರಾಂಶವನ್ನಷ್ಟೇ ಓದಿ ನಿಲ್ಲಿಸದೆ, ಮೂಲ ವರದಿಯಲ್ಲಿ ನಿಮ್ಮ ಊರು, ಹಳ್ಳ, ದಾರಿಯ ಹೆಸರು ಎಲ್ಲಿದೆ ಎಂದು ಹುಡುಕುವುದು. ಸಿಗದಿದ್ದರೆ ಅದೇ ಮೊದಲ ಆಕ್ಷೇಪ. ಒಬ್ಬರಿಗೆ ಒಂದೇ ವಿಷಯ. ಮಾತಿಗೆ ಮೂರೇ ನಿಮಿಷ ಕೊಡುವುದು ಸಾಮಾನ್ಯ, ಆದ್ದರಿಂದ ಹೆಸರು, ಊರು, ವರದಿಯ ಪುಟ ಸಂಖ್ಯೆ, ಪ್ರಶ್ನೆ, ಇಷ್ಟೇ. ಅದನ್ನೇ ಎರಡು ಪ್ರತಿ ಬರೆದು, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳುವುದು. ಹಾಜರಿ ಪುಸ್ತಕದಲ್ಲಿ ಸಹಿ ತಪ್ಪಿಸಬಾರದು. ಪಾಳಿಯಲ್ಲಿ ಊಟ ಮಾಡಿ, ಓದುವ ಹೊತ್ತಿಗೆ ಊರಿಗೆ ಕನಿಷ್ಠ ಇಬ್ಬರು ಕುರ್ಚಿಯಲ್ಲಿ ಇರಬೇಕು. ನಿಮ್ಮ ಪ್ರಶ್ನೆ ಓದದಿದ್ದರೆ ಅಲ್ಲೇ ಎದ್ದು ಹೇಳಬೇಕು, ಕ್ಯಾಮೆರಾ ಇನ್ನೂ ನಡೆಯುತ್ತಿರುವಾಗಲೇ. ಆಮೇಲೂ ನಡಾವಳಿಯಲ್ಲಿ ತಪ್ಪು ಕಂಡರೆ ಅದರ ಮೇಲಿನ ಟಿಪ್ಪಣಿಯನ್ನು ನೇರವಾಗಿ ಪರಿಸರ ಸಚಿವಾಲಯಕ್ಕೆ ಕಳಿಸಲು ಅಧಿಸೂಚನೆಯಲ್ಲೇ ಅವಕಾಶವಿದೆ. ಈ ಬಾಗಿಲು ಬಹಳ ಜನರಿಗೆ ಗೊತ್ತೇ ಇಲ್ಲ.

ಧರಣಿಯ ಮಾತೂ ಬಂತು. ಸಭೆಯನ್ನೇ ಬಹಿಷ್ಕರಿಸಬೇಕೆನ್ನುವ ತರುಣರು ಎಲ್ಲ ಕಡೆ ಇರುತ್ತಾರೆ, ಅವರ ಸಿಟ್ಟಿಗೆ ಕಾರಣವೂ ಇದೆ. ಆದರೆ ಈ ಸಭೆಗೆ ಕೋರಂ, ಅಂದರೆ ಇಂತಿಷ್ಟು ಜನ ಇರಲೇಬೇಕು ಎಂಬುದಿಲ್ಲ. ಎಲ್ಲರೂ ಎದ್ದು ಹೊರಗೆ ಹೋದರೂ ಕಾಗದದ ಮೇಲೆ ಸಭೆ ನಡೆದಂತೆಯೇ. ಇನ್ನೂ ದೊಡ್ಡ ಅಪಾಯ ಗಲಾಟೆಯದು. ಜನರು ಮುಕ್ತವಾಗಿ ಮಾತಾಡುವ ವಾತಾವರಣ ಇಲ್ಲವೆಂದು ವರದಿ ಹೋದರೆ, ಸಭೆಯೇ ಬೇಡ ಎಂದು ತೀರ್ಮಾನಿಸುವ ಅಧಿಕಾರ ಮೇಲಿನವರಿಗಿದೆ. ಮೇಜು ಉರುಳಿಸಿದರೆ ಕಳೆದುಕೊಳ್ಳುವುದು ಊರಿನವರ ಮಾತಿನ ಹಕ್ಕನ್ನೇ. ಹೊರಗೆ ಜಾಥಾ, ಧರಣಿ ಜೋರಾಗಿ ನಡೆಯಲಿ; ಪತ್ರಿಕೆಗಳಿಗೆ, ಶಾಸಕರಿಗೆ ಅದು ಮುಟ್ಟುತ್ತದೆ. ಅದೇ ಹೊತ್ತಿಗೆ ಒಳಗೆ ಓದು ಬರಹ ಗಟ್ಟಿಯಿದ್ದವರು ಕೂತಿರಲಿ. ಕಾಗೋಡು ಸತ್ಯಾಗ್ರಹ ನಡೆದ ತಾಲ್ಲೂಕಿಗೆ ಚಳವಳಿ ಮಾಡುವುದನ್ನು ಹೊರಗಿನವರು ಕಲಿಸಬೇಕಿಲ್ಲ.

ಕಾರ್ಗಲ್ಲಿನಿಂದ ಮಾವಿನಗುಂಡಿಗೆ ಬಂದು ಹೊನ್ನಾವರದ ಹೆದ್ದಾರಿ ಹಿಡಿದರೆ ಗೇರುಸೊಪ್ಪ ಘಟ್ಟದ ಇಳಿಜಾರು. ನಡುವೆ ಮಲೆಮನೆ ಹತ್ತಿರದ ಕತ್ತಲೆಕಾನು. ರಸ್ತೆಯಿಂದ ನೋಡಿದರೆ ಬರೀ ದಟ್ಟ ಕಾಡು. ಒಳಗಿರುವುದು ರಾಮಪತ್ರೆ ಜಡ್ಡಿ. ವರ್ಷವಿಡೀ ನೀರು ಜಿನುಗುವ ಕೆಸರಿನಲ್ಲಿ ಮರಗಳ ಬೇರು ಮಂಡಿ ಮಡಿಸಿದಂತೆ ಮೇಲೆದ್ದು ಮತ್ತೆ ಮಣ್ಣಿಗೆ ಇಳಿಯುತ್ತವೆ. ಕೆಸರಿನಲ್ಲಿ ಸಿಗದ ಗಾಳಿಯನ್ನು ಬೇರು ಹೀಗೆ ಮೇಲೆ ಬಂದು ಪಡೆಯುತ್ತದೆ. ಹೊಳೆಗೆ ಬೇಸಿಗೆಯಲ್ಲೂ ನೀರು ಕೊಡುವುದು ಇಂಥ ಜಡ್ಡಿಗಳು. ತಲೆಯ ಮೇಲೆ, ಒಂದರ ಕೊಂಬೆ ಇನ್ನೊಂದಕ್ಕೆ ತಾಗುವ ಎತ್ತರದಲ್ಲಿ, ಸಿಂಗಳೀಕದ ಓಡಾಟ. ಅದು ನೆಲಕ್ಕಿಳಿಯುವುದು ಅಪರೂಪ. ಆದ್ದರಿಂದ ಕಡಿಯುವ ಮರಗಳ ಸಂಖ್ಯೆಗಿಂತ ಅವು ಎಲ್ಲಿವೆ ಎಂಬುದು ಮುಖ್ಯ. ಅಗಲ ರಸ್ತೆಯೊಂದು ನೆತ್ತಿಯ ಹಸಿರನ್ನು ಸೀಳಿದರೆ ಆಚೆಯ ಗುಂಪು ಈಚೆಯದಕ್ಕೆ ಸಿಗುವುದಿಲ್ಲ. ಬೇರೆ ಜಿಲ್ಲೆಯಲ್ಲಿ ಎಷ್ಟು ಸಸಿ ನೆಟ್ಟರೂ ಆ ಸೀಳು ಕೂಡುವುದಿಲ್ಲ. ಸೌಂದರ್ಯದ ವಿಷಯದಲ್ಲಿ ಜೋಗದ ವೀಕ್ಷಣಾ ಕಟ್ಟೆಗಿಂತ ಈ ಕಾನು ನೂರು ಪಾಲು ಮೇಲು. ಆದರೆ ಅರಣ್ಯ ಇಲಾಖೆಯ ಅನುಮತಿ, ದಾರಿ ಬಲ್ಲವರ ಜೊತೆ ಇಲ್ಲದೆ ಜಡ್ಡಿಗೆ ಇಳಿಯಬೇಡಿ. ಕಾಲಿಗೆ ಸಿಕ್ಕುವ ಮೊಳಕೆಗಳು ಬಹಳ ಅಮೂಲ್ಯವಾದವು.

ಗೇರುಸೊಪ್ಪದಲ್ಲಿ ಚತುರ್ಮುಖ ಬಸದಿ ನೋಡಿ ಮುಂದೆ ಹೊರಟರೆ ಹೊಳೆ ಅಗಲವಾಗುತ್ತ ಹೊನ್ನಾವರದ ಅಳಿವೆಗೆ ಸೇರುತ್ತದೆ. ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆಯಲ್ಲಿ ಚಿಪ್ಪಿ ಆರಿಸಿ ಬದುಕುವ ಸಾವಿರಾರು ಜನ ಇದ್ದಾರೆ. ಶರಾವತಿಯ ಅಳಿವೆಯಲ್ಲಿ ವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಬಂದು ಉಪ್ಪಿನಂಶ ಇಳಿದಿದ್ದರಿಂದ ಚಿಪ್ಪಿ ಕಡಿಮೆ. ಇಐಎ ವರದಿಗಳ ಅಧ್ಯಯನ ಸಾಮಾನ್ಯವಾಗಿ ಯೋಜನೆಯ ಸುತ್ತಲಿನ ಹತ್ತು ಕಿ.ಮೀ.ಗೆ ನಿಲ್ಲುತ್ತದೆ, ಅಳಿವೆ ಅದರಾಚೆ. ದೋಣಿಯ ಬಲೆ ಬಿಡಿಸುತ್ತಿದ್ದ ಒಬ್ಬರು ತಮ್ಮ ಪ್ರಶ್ನೆಯನ್ನು ಒಂದು ಹಾಳೆಯಲ್ಲಿ ಬರೆಸಿಟ್ಟುಕೊಂಡಿದ್ದರು: ಪಂಪ್ ಶುರುವಾದ ಮೇಲೆ ಗೇರುಸೊಪ್ಪದಿಂದ ಕೆಳಕ್ಕೆ ಬಿಡುವ ನೀರಿನ ಪ್ರಮಾಣ, ವೇಳೆ ಬದಲಾಗುತ್ತದೆಯೇ? ಬದಲಾದರೆ ತಿಂಗಳುವಾರು ಎಷ್ಟು? ಉಪ್ಪಿನಂಶವನ್ನು ಎಲ್ಲಿ, ಯಾರು ಅಳೆಯುತ್ತಾರೆ? ಹಾಳೆಯ ತುದಿಯಲ್ಲಿ ಮೊಹರಿಗೆಂದು ಒಂದಿಷ್ಟು ಜಾಗ ಖಾಲಿ ಬಿಟ್ಟಿತ್ತು. ಇನ್ನೂ ಕೊಟ್ಟಿರಲಿಲ್ಲ. ಅಂಚೆಯಲ್ಲಿ ಸಚಿವಾಲಯಕ್ಕೂ ಮಂಡಳಿಗೂ ಒಂದೊಂದು ಪ್ರತಿ ರಿಜಿಸ್ಟರ್ ಮಾಡಿ, ರಸೀದಿಯನ್ನು ಹಾಳೆಗೆ ಪಿನ್ ಮಾಡಿಡಿ ಎಂದು ಹೇಳಿದಾಗ, ವಿಳಾಸವನ್ನು ಅದೇ ಹಾಳೆಯ ಹಿಂದೆ ಬರೆಸಿಕೊಂಡರು.