ನಂಬರ್ ನೋಡುವ ಮುಂಚೆ ಸ್ಲೈಡ್ ನೋಡಿ

ಮೈಸೂರಿನ ಒಂದು ಸಂಶೋಧನಾ ಲ್ಯಾಬ್‌ನಲ್ಲಿ ನನ್ನ ಕೆಲಸ. ಗರ್ಭಕಂಠದ ಕ್ಯಾನ್ಸರ್ ಇರುವ ಹೆಂಗಸರ ಬಯಾಪ್ಸಿ ತುಣುಕಿನಿಂದ ಆರ್‌ಎನ್‌ಎ ತೆಗೆಯುತ್ತೇವೆ. ಅದರಲ್ಲಿ ಯಾವುದು ಜಾಸ್ತಿಯಾಗಿದೆ, ಯಾವುದು ಕಡಿಮೆಯಾಗಿದೆ ಅಂತ ಅಳೆಯುತ್ತೇವೆ. ಮಳವಳ್ಳಿ, ಪಾಂಡವಪುರ, ಹುಣಸೂರು, ಎಚ್.ಡಿ. ಕೋಟೆ ಕಡೆಯವರ ತುಣುಕುಗಳು. ರಕ್ತ ಹೋಗುವುದು ಜೋರಾದ ಮೇಲಷ್ಟೇ ಆಸ್ಪತ್ರೆಗೆ ಬಂದವರೇ ಇವರಲ್ಲಿ ಹೆಚ್ಚು. 2022ರ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ಒಂದೇ ವರ್ಷ ಸುಮಾರು 1.27 ಲಕ್ಷ ಹೊಸ ಕೇಸು, ಹತ್ತಿರ ಹತ್ತಿರ 80 ಸಾವಿರ ಸಾವು. ಒಂದು ಸಣ್ಣ ತುಣುಕನ್ನೂ ಸುಮ್ನೆ ಕಳೆಯಲು ನನಗೆ ಮನಸ್ಸು ಬರುವುದಿಲ್ಲ.

ನಾವು ಹುಡುಕುವುದು ಪ್ರೋಟೀನ್ ಮಾಡದ ಆರ್‌ಎನ್‌ಎಗಳನ್ನು. ಡಿಎನ್‌ಎಯಿಂದ ಆರ್‌ಎನ್‌ಎ, ಆರ್‌ಎನ್‌ಎಯಿಂದ ಪ್ರೋಟೀನ್ ಅಂತ ಪಿಯುಸಿಯಲ್ಲಿ ಓದಿರುತ್ತೇವೆ. ಆದರೆ ನಮ್ಮ ಡಿಎನ್‌ಎಯಲ್ಲಿ ಪ್ರೋಟೀನಿಗೆ ಬೇಕಾದ ಭಾಗ ನೂರಕ್ಕೆ ಎರಡರಷ್ಟೂ ಇಲ್ಲ. ಉಳಿದ ಜಾಗದಿಂದಲೂ ಬೇಕಾದಷ್ಟು ಆರ್‌ಎನ್‌ಎ ಹುಟ್ಟುತ್ತದೆ. ಅದರಲ್ಲಿ ಮೈಕ್ರೋ ಆರ್‌ಎನ್‌ಎ ಅನ್ನುವುದು ಬರೀ 22 ಅಕ್ಷರದಷ್ಟು ಉದ್ದ (ಆರ್‌ಎನ್‌ಎ ಸರಪಳಿಯ ಒಂದೊಂದು ಕೊಂಡಿಯೂ ಒಂದು ಅಕ್ಷರ). ಅದು ಬೇರೆ ಆರ್‌ಎನ್‌ಎಗೆ ಅಂಟಿಕೊಂಡು ಪ್ರೋಟೀನ್ ತಯಾರಾಗದಂತೆ ತಡೆಯುತ್ತದೆ. ಇದನ್ನು ಕಂಡುಹಿಡಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ 2024ರಲ್ಲಿ ನೊಬೆಲ್ ಬಂತು. ಉದ್ದದವು ಬೇರೆ ಇವೆ. ಹಾಟ್‌ಏರ್ ಅನ್ನುವ ಒಂದು ಉದ್ದನೆಯ ಆರ್‌ಎನ್‌ಎ, ಜೀನ್‌ಗಳ ಬಾಯಿ ಮುಚ್ಚಿಸುವ ಪ್ರೋಟೀನ್ ಗುಂಪಿನ ಜೊತೆ ಸೇರಿ ಕೆಲಸ ಮಾಡುತ್ತದೆ. ಗರ್ಭಕಂಠದ ಕ್ಯಾನ್ಸರ್‌ನಲ್ಲಿ ಅದು ಜಾಸ್ತಿ ಇದ್ದವರಿಗೆ ರೋಗ ದುಗ್ಧಗ್ರಂಥಿಗೆ (ಲಿಂಫ್ ನೋಡ್) ಹರಡಿರುವುದೂ ಜಾಸ್ತಿ ಅಂತ ಹಲವು ವರದಿಗಳಿವೆ.

ಕೆಲವು ಬದಲಾವಣೆಗಳಿಗೆ ಕಾರಣ ಸ್ಪಷ್ಟವಾಗಿದೆ. ಈ ಕ್ಯಾನ್ಸರ್‌ಗೆ ಮೂಲ ಎಚ್‌ಪಿವಿ ವೈರಸ್. ನೂರಕ್ಕೆ ಸುಮಾರು 70 ಕೇಸುಗಳು 16 ಮತ್ತು 18ನೇ ತಳಿಯಿಂದಲೇ ಬರುತ್ತವೆ. ವೈರಸ್‌ನ ಇ6 ಪ್ರೋಟೀನ್, ಗಡ್ಡೆ ಬೆಳೆಯದಂತೆ ತಡೆಯುವ ನಮ್ಮ ಪಿ53 ಅನ್ನುವ ಪ್ರೋಟೀನನ್ನು ನಾಶ ಮಾಡಿಸುತ್ತದೆ. ಮಿರ್-34ಎ ಅನ್ನುವ ಮೈಕ್ರೋ ಆರ್‌ಎನ್‌ಎಯನ್ನು ಹೆಚ್ಚಿಸುವುದು ಇದೇ ಪಿ53. ಪಿ53 ಹೋದರೆ ಮಿರ್-34ಎ ಇಳಿಯುತ್ತದೆ, ಅದು ಹಿಡಿದಿಟ್ಟಿದ್ದ ಬೆಳವಣಿಗೆಯ ಜೀನ್‌ಗಳು ಸಡಿಲವಾಗುತ್ತವೆ. ಯಾರು ಯಾರನ್ನು ಇಳಿಸಿದರು ಅಂತ ಹೆಜ್ಜೆ ಹೆಜ್ಜೆಗೂ ತೋರಿಸಬಹುದು.

ನಾನು ಹೇಳಬೇಕಾದದ್ದು ಮಿರ್-143, ಮಿರ್-145 ಅನ್ನುವ ಎರಡು ಮೈಕ್ರೋ ಆರ್‌ಎನ್‌ಎಗಳ ಬಗ್ಗೆ. ಗರ್ಭಕಂಠದ ಕ್ಯಾನ್ಸರ್‌ನಲ್ಲಿ ಇವೆರಡೂ ಇಳಿದಿವೆ ಅಂತ ಎಷ್ಟೋ ಪ್ರಬಂಧಗಳು ಹೇಳುತ್ತವೆ. ನಮ್ಮ ಮೆಷಿನ್ ಕೂಡ ಹಾಗೇ ಹೇಳಿತು. ಈ ಪಿಸಿಆರ್ ಮೆಷಿನ್ ಒಂದೊಂದು ಸುತ್ತಿಗೂ (ಸೈಕಲ್) ಪ್ರತಿಗಳನ್ನು ಎರಡರಷ್ಟು ಮಾಡುತ್ತಾ ಹೋಗುತ್ತದೆ. ಸಿಗ್ನಲ್ ಒಂದು ಸೈಕಲ್ ತಡವಾಗಿ ಬಂದರೆ ಮೊದಲಿದ್ದದ್ದು ಅರ್ಧದಷ್ಟು, ನಾಲ್ಕು ಸೈಕಲ್ ತಡ ಅಂದರೆ ಹದಿನಾರನೇ ಒಂದು ಭಾಗ. ಗ್ರಾಫ್ ನೋಡಿದವರೆಲ್ಲ ಖುಷಿಪಟ್ಟರು. ಪೆಥಾಲಜಿ ಮೇಡಂ ಮಾತ್ರ, "ಸ್ಲೈಡ್ ತಗೊಂಡು ಬಾಮ್ಮ, ಎರಡನ್ನೂ" ಅಂದರು.

ಮೈಕ್ರೋಸ್ಕೋಪ್ ಕೆಳಗೆ ಕ್ಯಾನ್ಸರ್ ತುಣುಕು ಪೂರ್ತಿ ನೇರಳೆ. ಒತ್ತೊತ್ತಾಗಿ ಗಡ್ಡೆಯ ಜೀವಕೋಶಗಳು, ನಡುವೆ ಖಾಲಿ ಜಾಗವೇ ಇಲ್ಲ. ಹೋಲಿಕೆಗೆ ಇಟ್ಟುಕೊಂಡ ಆರೋಗ್ಯವಂತ ಗರ್ಭಕಂಠ ಬಂದದ್ದು ಫೈಬ್ರಾಯ್ಡ್‌ಗೋಸ್ಕರ (ಕ್ಯಾನ್ಸರ್ ಅಲ್ಲದ ಗಡ್ಡೆ) ಗರ್ಭಕೋಶ ತೆಗೆಸಿಕೊಂಡವರಿಂದ. ಅದರಲ್ಲಿ ಮೇಲೊಂದು ತೆಳು ಪದರ ಅಷ್ಟೇ ಹೊದಿಕೆಯ ಜೀವಕೋಶ. ಕೆಳಗೆಲ್ಲ ಗುಲಾಬಿ ಬಣ್ಣದ ನಾರು, ಅಲ್ಲಲ್ಲಿ ಸ್ನಾಯು, ರಕ್ತನಾಳ. ಮಿರ್-143 ಮತ್ತು 145 ತುಂಬಿರುವುದೇ ಈ ಸ್ನಾಯು ಮತ್ತು ನಾರಿನ ಜೀವಕೋಶಗಳಲ್ಲಿ. ಕ್ಯಾನ್ಸರ್ ಹುಟ್ಟುವ ಹೊದಿಕೆಯ ಪದರದಲ್ಲಿ ಅವು ಮೊದಲಿಂದಲೂ ತೀರಾ ಕಡಿಮೆ.

ಮೇಡಂ ಹೇಳಿದ್ದು ಹೀಗೆ: "ಒಂದು ಹೊಲದಲ್ಲಿ ರಾಗಿ ಜೊತೆ ಅವರೆ ಅಕ್ಕಡಿ ಇದೆ, ಇನ್ನೊಂದರಲ್ಲಿ ಬರೀ ರಾಗಿ. ಎರಡರ ಫಸಲನ್ನೂ ಒಟ್ಟಿಗೆ ತೂಗಿ, ಎರಡನೇ ಹೊಲದ ರಾಗಿಗೆ ಅವರೆ ಬಿಡೋ ಶಕ್ತಿ ಹೋಗಿದೆ ಅನ್ನೋಕಾಗುತ್ತಾ?"

ಈಗ ನಮ್ಮ ಕ್ರಮವೇ ಬೇರೆ. ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟ ಪ್ಯಾರಾಫಿನ್ ಬ್ಲಾಕ್‌ನಿಂದ ಮೊದಲು ಒಂದು ತೆಳು ಸೀಳು ತೆಗೆದು ಬಣ್ಣ ಹಾಕುತ್ತೇವೆ. ಮೇಡಂ ಗಡ್ಡೆ ಇರುವ ಜಾಗಕ್ಕೆ ಮಾರ್ಕರ್ ಪೆನ್ನಲ್ಲಿ ಗೆರೆ ಎಳೆಯುತ್ತಾರೆ. ಆ ಸ್ಲೈಡ್ ಕೆಳಗಿಟ್ಟು, ಬಣ್ಣ ಹಾಕದ ಪಕ್ಕದ ಸೀಳಿನ ಸ್ಲೈಡನ್ನು ಅದರ ಮೇಲೆ ಸರಿಯಾಗಿ ಕೂರಿಸುತ್ತೇನೆ. ಗೆರೆಯ ಒಳಗಿನದನ್ನಷ್ಟೇ ಬ್ಲೇಡ್ ತುದಿಯಿಂದ ಕೆರೆದು ಟ್ಯೂಬ್‌ಗೆ ಹಾಕುತ್ತೇನೆ. ಆರೋಗ್ಯವಂತ ಗರ್ಭಕಂಠದಿಂದಲೂ ಹೊದಿಕೆಯ ಪದರ ಮಾತ್ರ. ಕಣ್ಣು ಸೋಲುವ ಕೆಲಸ, ಫ್ಯಾನ್ ಹಾಕುವ ಹಾಗೂ ಇಲ್ಲ. ಮೈಕ್ರೋ ಆರ್‌ಎನ್‌ಎ ಚಿಕ್ಕದಾದ್ದರಿಂದ ಫಾರ್ಮಲಿನ್‌ನಲ್ಲಿ ಇಟ್ಟ ತುಣುಕಿನಲ್ಲೂ ಚೆನ್ನಾಗಿ ಉಳಿದಿರುತ್ತದೆ, ಅದೊಂದು ಅನುಕೂಲ. ಹಾಟ್‌ಏರ್‌ನಂಥ ಉದ್ದದ್ದು ಬ್ಲಾಕ್‌ನಲ್ಲಿ ಚೂರು ಚೂರಾಗಿರುತ್ತದೆ. ಅದಕ್ಕೆ ತಾಜಾ ತುಣುಕನ್ನೇ ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಅಲ್ಲೂ ತುಣುಕಿನ ಒಂದು ಅಂಚನ್ನು ಪೆಥಾಲಜಿಗೆ ಕೊಟ್ಟು, ಗಡ್ಡೆ ಎಷ್ಟಿದೆ ಅಂತ ಬರೆಸಿಕೊಳ್ಳದೆ ನಾನು ಮುಂದುವರಿಯುವುದಿಲ್ಲ.

ಹೀಗೆ ಕೆರೆದು ಅಳೆದಾಗ ಮಿರ್-143ರ ಅಂತರ ಬಹಳ ಕುಗ್ಗಿತು. ಇದರಿಂದ ಆ ಎಲ್ಲ ಪ್ರಬಂಧಗಳೂ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ "ಇಳಿದಿದೆ" ಅಂತ ಓದಿದಾಗ, ಯಾವ ಜೀವಕೋಶದಲ್ಲಿ ಅಂತ ಕೇಳಲೇಬೇಕು. ಏರಿದ್ದಕ್ಕೂ ಇದೇ ಪ್ರಶ್ನೆ. ಕರುಳಿನ ಕ್ಯಾನ್ಸರ್‌ನಲ್ಲಿ ಏರಿದೆ ಅನ್ನುವ ಮಿರ್-21 ಮುಖ್ಯವಾಗಿ ಕಾಣುವುದು ಗಡ್ಡೆಯ ಸುತ್ತಲಿನ ನಾರಿನ ಜೀವಕೋಶಗಳಲ್ಲಿ. ಹೊರಗಿನವರಿಗೆ ಇದು ಸಣ್ಣ ವಿಷಯ ಅನಿಸಬಹುದು. ಆದರೆ ಇಳಿದಿದೆ ಅಂದ ಆರ್‌ಎನ್‌ಎಯನ್ನು ಔಷಧಿಯಾಗಿ ವಾಪಸ್ ತುಂಬಿಸೋಣ ಅಂತ ಹೊರಡುವವರು ಇದ್ದಾರೆ. ಆ ಜೀವಕೋಶದಲ್ಲಿ ಅದು ಯಾವತ್ತೂ ಇರಲೇ ಇಲ್ಲ ಅಂದರೆ ಲೆಕ್ಕವೇ ಬುಡಮೇಲು, ಅಲ್ವಾ?

ಊರಿಗೆ ಹೋದಾಗ ಅಕ್ಕಂದಿರು, ಚಿಕ್ಕಮ್ಮಂದಿರು "ಆ ಟೆಸ್ಟ್ ನಮಗೂ ಮಾಡ್ತೀಯಾ?" ಅಂತ ಕೇಳುತ್ತಾರೆ. ಇದು ಇನ್ನೂ ಲ್ಯಾಬ್ ಒಳಗಿನ ಕೆಲಸ, ನಿಮಗೆ ಬೇಕಾದದ್ದು ಬೇರೆ ಅನ್ನುತ್ತೇನೆ. 30 ದಾಟಿದವರಿಗೆ ಎಚ್‌ಪಿವಿ ಟೆಸ್ಟ್ ಇದೆ. ಅದು ಸಿಗದಿದ್ದರೆ ಗರ್ಭಕಂಠಕ್ಕೆ ಅಸಿಟಿಕ್ ಆಸಿಡ್ ಹಚ್ಚಿ ನೋಡುವ ಪರೀಕ್ಷೆ. ಸರ್ಕಾರದ ಕಾರ್ಯಕ್ರಮದಲ್ಲಿ ಇದು 30ರಿಂದ 65 ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ಅಂತ ಇದೆ. ಮನೆಯಲ್ಲಿ 9ರಿಂದ 14 ವಯಸ್ಸಿನ ಹೆಣ್ಣುಮಕ್ಕಳಿದ್ದರೆ ಎಚ್‌ಪಿವಿ ಲಸಿಕೆ ಬಗ್ಗೆ ಡಾಕ್ಟರ್ ಹತ್ತಿರ ಈಗಲೇ ಕೇಳಿ. ರಕ್ತ ಹೋಗುವ ತನಕ ಕಾಯಬೇಡಿ.